ಕೆಳಗಿನಿಂದ ಮೇಲಕ್ಕೆ

"ಆ ಕಡೆ ನೀ ಹಿಡಿ ಸಾಬಣ್ಣಾ, ಈ ಕಡೆ ನಾ ಹಿಡೀತೀನಿ. ಹಾಂ, ಎತ್ತು!"

ಹಣಮಂತರಾಯ ಕಂಪ್ಯೂಟರಿನ ಮೇಜಿಗೆ ಭುಜ ಕೊಟ್ಟ ರಭಸಕ್ಕೆ ಮೇಜು ಒಂದು ಗೇಣು ಜರುಗಿತು. ಮೇಲಿದ್ದ ಮೌಸು ಉರುಳಿ ವೈರಿನ ತುದಿಗೆ ಜೋತುಬಿತ್ತು. ನಿನ್ನೆ ಮಧ್ಯಾಹ್ನದಿಂದ ಕಪ್ಪಗೆ ಮಲಗಿದ್ದ ಪರದೆ ತಟ್ಟನೆ ಎಚ್ಚರವಾಯಿತು.

ಉಪ್ಪಲ್‌ನ ಆ ಎರಡು ಕೋಣೆಯ ಮನೆಯಲ್ಲಿ ಹೆಣ ಕೂರಿಸಲು ಖಾಲಿ ಮಾಡಬಹುದಾದ ಗೋಡೆ ಎಂದರೆ ಅದೊಂದೇ. ಒಳಕೋಣೆಯಲ್ಲಿ ಶಾಂತಪ್ಪನಿಗೆ ಸ್ನಾನ ಮುಗಿಸಿ ಅಯ್ಯನವರು ವಿಭೂತಿ ಧಾರಣೆ ಮಾಡುತ್ತಿದ್ದರು. ಇನ್ನು ಹತ್ತು ನಿಮಿಷದಲ್ಲಿ ತಂದು ಈ ಗೋಡೆಗೆ ಒರಗಿಸಿ ಕೂರಿಸಬೇಕು. ಬೆಳಗಿನ ರೈಲಿಗೆ ಯಾದಗಿರಿಯಿಂದ ಬಂದಿಳಿದ ಹಣಮಂತರಾಯ ಸತ್ತವನ ಅಣ್ಣ. ಮೇಜಿನ ಇನ್ನೊಂದು ತುದಿ ಹಿಡಿದ ಸಾಬಣ್ಣ ಕನ್ನಡ ಸಂಘದ ಹಳೆಯ ಗೆಳೆಯ. ವೈರುಗಳನ್ನು ಒಂದುಗೂಡಿಸಿ ಹಿಡಿದುಕೊಂಡು ಹಿಂದೆ ನಿಂತವಳು ಶಾಂತಪ್ಪನ ಒಬ್ಬಳೇ ಮಗಳು ಮಧುರಾ.

ಪರದೆಯ ಮೇಲೆ ಸಾಲುಸಾಲು ಕನ್ನಡ ಮೂಡಿತ್ತು. ಅದಕ್ಕೆ ಅಡ್ಡಲಾಗಿ ಅಪ್ಪ ಎಂದೋ ಕಟ್ಟಿಕೊಂಡಿದ್ದ ಎರಡು ಇಲಾಸ್ಟಿಕ್ ಪಟ್ಟಿಗಳು ಬರಿದಾಗಿ ಬಿಗಿದುಕೊಂಡಿದ್ದವು. ಮೇಲಿನ ನೀಲಿ ಅಂಚಿನಲ್ಲಿ 'ಕೆಮಿಸ್ಟ್ರಿ ನೋಟ್ಸ್ 2' ಎಂಬ ಹೆಸರು.

ಮಧುರಾ ಹಿಡಿದಿದ್ದ ವೈರುಗಳನ್ನು ಕೈಬಿಟ್ಟಳು. ಆ ಹೆಸರಿಟ್ಟವಳು ಅವಳೇ. ಅದರೊಳಗೆ ಕೆಮಿಸ್ಟ್ರಿಯ ಒಂದಕ್ಷರವೂ ಇಲ್ಲವೆಂದು ಬಲ್ಲವಳೂ ಈ ಭೂಮಿಯ ಮೇಲೆ ಅವಳೊಬ್ಬಳೇ. ನಿನ್ನೆಯವರೆಗೆ.

"ಪ್ಲಗ್ ಕೀಳಬ್ಯಾಡ್ರಿ ದೊಡ್ಡಪ್ಪಾ..."

ಅವಳ ದನಿ ಯಾವಾಗಲೂ ಎದುರಿನವರನ್ನು ಮುಟ್ಟುವುದು ಅರ್ಧ ಗಳಿಗೆ ತಡ. ಹಣಮಂತರಾಯ ಆಗಲೇ ಗೋಡೆಯ ಪ್ಲಗ್ಗು ಕಿತ್ತಿದ್ದ. ಯುಪಿಎಸ್ಸು ಕುಯ್ ಕುಯ್ ಎಂದು ಅರಚತೊಡಗಿತು. "ಇದೊಂದು ಬ್ಯಾರೆ ಅಳಾಕ ಹತ್ತೇತಿ ನೋಡು," ಎಂದು ಗೊಣಗಿ ಅದರ ಗುಂಡಿಯನ್ನೂ ಅದುಮಿದ. ಪರದೆಯ ಬೆಳಕು ಒಂದು ಚುಕ್ಕೆಯಾಗಿ ಆರಿಹೋಯಿತು.

ಅವಳಿಗೆ ಓದಲು ಸಿಕ್ಕದ್ದು ಅರ್ಧ ಸಾಲು. ತನ್ನದೇ ಸಾಲು. ಯಾವ ದಿನದ್ದೆಂದು ಗುರುತು ಹತ್ತುವಷ್ಟರಲ್ಲಿ ಹೋಯಿತು.

*

ಮಧುರಾ ಪಿಯುಸಿಯಿಂದಲೂ ದಿನಚರಿ ಬರೆಯುತ್ತಿದ್ದಳು. ಮೊದಲು ನೋಟುಬುಕ್ಕಿನಲ್ಲಿ. ಅದನ್ನು ಅವ್ವ ಹಾಸಿಗೆ ಝಾಡಿಸುವಾಗ ಎರಡು ಸಲ ಕಂಡು "ಏನ ಇದು?" ಎಂದ ಮೇಲೆ ಮನೆಯ ಹಳೆಯ ಕಂಪ್ಯೂಟರಿಗೆ ಬದಲಾಯಿಸಿಕೊಂಡಳು. ಅದರಲ್ಲಿ ಅಪ್ಪ ಹಾಕಿಕೊಟ್ಟ ಹಳೆಯ ಕನ್ನಡ ಫಾಂಟು ಇತ್ತು. ಟ್ಯೂಷನ್ ಟಿಪ್ಪಣಿ ಬರೆಯುವವಳಂತೆ ಕೂತು, ನಡುವೆ ಒಂದೂ ಖಾಲಿ ಸಾಲು ಬಿಡದೆ, ಒತ್ತೊತ್ತಾಗಿ ಬರೆದು ಮುಚ್ಚಿಡುತ್ತಿದ್ದಳು. ದೂರದಿಂದ ನೋಡಿದವರಿಗೆ ಪಾಠದಂತೆಯೇ ಕಾಣಬೇಕು.

ಹೋದ ವರ್ಷ ಹೊಸ ಕಂಪ್ಯೂಟರು ಬಂತು. ಆ ಫೈಲನ್ನು ಹೊಸದರಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ, ಚೌಕಗಳ ರಾಶಿ. ಅದನ್ನು ಕಂಡು ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಇದು ಬೀಗಕ್ಕಿಂತ ಭದ್ರ ಎಂದುಕೊಂಡು ಹಳೆಯದರಲ್ಲೇ ಬರೆಯುತ್ತ ಬಂದಿದ್ದಳು. ಇಂಥ ರಾಶಿಯನ್ನು ಬಿಡಿಸಿ ಓದುವ ಹಾಗೆ ಮಾಡಿಕೊಡುವುದೇ ಕಸುಬಾಗಿದ್ದ ಮನುಷ್ಯ ಅದೇ ಮನೆಯಲ್ಲಿದ್ದಾನೆ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ.

ಈ ತಿಂಗಳು ಹಳೆಯ ಡಬ್ಬವನ್ನು ಗುಜರಿಗೆ ಹಾಕುವುದೆಂದು ಆಗಿತ್ತು. "ಅದರಾಗಿನ ಸಾಮಾನೆಲ್ಲ ಹೊಸದಕ್ಕ ತರ್ತೀನಿ," ಎಂದು ಅಪ್ಪ ಊಟದ ಹೊತ್ತಿನಲ್ಲಿ ಹೇಳಿದ್ದ. ಅವಳು ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಆ ಫೈಲಿನಲ್ಲಿ ಏನೆಲ್ಲ ಇತ್ತು! ಬಸ್ಸಿನಲ್ಲಿ ಕಂಡ ಮುಖಗಳು, ಅವ್ವನ ಮೇಲಿನ ಸಿಟ್ಟು, ಯಾರಿಗೂ ಹೇಳದ ಒಂದು ಹೆಸರು. ಅವನ್ನೆಲ್ಲ ಯಾರು ಓದಿದರೂ ನಾಚಿಕೆಯಿಂದ ಸಾಯಬಹುದಿತ್ತು, ಅಷ್ಟೇ. ಆದರೆ 2004ರ ಜೂನ್ ಹತ್ತೊಂಬತ್ತರ ಬರಹ ಬೇರೆ.

ಅಂದು ಗಚ್ಚಿಬೌಲಿಯ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಎಂ.ಎಸ್‌ಸಿ. ಸೀಟು ಸಿಕ್ಕ ಕಾಗದ ಬಂದಿತ್ತು. ಉಪ್ಪಲ್ ಊರಿನ ಈ ತುದಿ, ಗಚ್ಚಿಬೌಲಿ ಆ ತುದಿ, ಹಾಸ್ಟೆಲಿನಲ್ಲಿ ಇರಬೇಕಾಗುತ್ತಿತ್ತು. ಆಗಲೂ ಊರಿನಿಂದ ಬಂದಿದ್ದ ದೊಡ್ಡಪ್ಪ, "ಹೆಣ್ಮಕ್ಕಳನ್ನ ಹಾಸ್ಟೆಲಿಗೆ ಇಡೋದು ನಮ್ಮ ಮನಿತನದಾಗ ಇಲ್ಲ," ಎಂದ. ಅವ್ವ ಅಪ್ಪನ ಕಡೆ ನೋಡಿದಳು. ಮಧುರಾಳೂ ಅಪ್ಪನ ಬೆನ್ನು ನೋಡಿದಳು. ಅಪ್ಪ ಪರದೆಯ ಕಡೆ ಮುಖ ಮಾಡಿ ಕೂತವನು, ತಿರುಗಲಿಲ್ಲ. ಯಾರದೋ ಫೈಲಿನ ಒತ್ತಕ್ಷರ ತಿದ್ದುತ್ತಲೇ ಇದ್ದ. ಕೀಲಿಮಣೆಯ ಟಕಟಕ ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು.

ಅಂದು ಸಂಜೆ ಅವಳು ಮೂರೇ ಸಾಲು ಬರೆದಿದ್ದಳು. ಎರಡು ವರ್ಷವಾದರೂ ಬಾಯಿಪಾಠ.

ಅಪ್ಪನಿಗೆ ಊರವರೆಲ್ಲರ ಅಕ್ಷರ ತಿದ್ದಲು ಬರುತ್ತದೆ.
ಮಗಳ ಪರವಾಗಿ ಒಂದು ಮಾತು ಆಡಲು ಬರುವುದಿಲ್ಲ.
ಇಂಥ ಅಪ್ಪ ಇದ್ದರೇನು, ಇಲ್ಲದಿದ್ದರೇನು.

*

ಗೋಡೆಗೆ ಒರಗಿಸಿ ಕೂರಿಸಿದ ಶಾಂತಪ್ಪನ ಹಣೆಗೆ ಮೂರು ಪಟ್ಟೆ ವಿಭೂತಿ. ಕೊರಳ ತುಂಬ ಹಾರ. ಎಡಗೈಯಲ್ಲಿ ಇಷ್ಟಲಿಂಗ. ತಲೆ ಬಾಗದಂತೆ ಬಿಳಿ ವಸ್ತ್ರ ಸುತ್ತಿ ಹಿಂದಿನ ಕಿಟಕಿಯ ಸರಳಿಗೆ ಕಟ್ಟಿದ್ದರು. ಐವತ್ನಾಲ್ಕು ವರ್ಷ ಸೊಂಟ ಬಗ್ಗಿಸಿಯೇ ಕೂತ ಮನುಷ್ಯ ಇವತ್ತು ನೆಟ್ಟಗೆ ಕೂತಿದ್ದ. ಬಂದವರೆಲ್ಲರನ್ನೂ ದಿಟ್ಟಿಸಿ ನೋಡುತ್ತಿರುವಂತೆ ಮಧುರಾಳಿಗೆ ಅನ್ನಿಸಿತು. ಕಣ್ಣು ಮುಚ್ಚಿದ್ದರೂ.

ಅವ್ವ, ಉಮಾಬಾಯಿ, ಪಕ್ಕದಲ್ಲಿ ಕೂತು ಕೈಗೆ ಸಿಕ್ಕ ರಟ್ಟಿನಿಂದ ನೊಣ ಬೀಸುತ್ತಿದ್ದಳು. ಬಂದ ಪ್ರತಿಯೊಬ್ಬರಿಗೂ ಅದೇ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದಳು.

"ಐತವಾರ ಅಲ್ರಿ, ಊಟ ಆಗಿತ್ತು. ಕಂಪ್ಯೂಟರ್ ಮುಂದ ಕುಂತಿದ್ರು. ನಾ ಭಾಂಡಿ ತಿಕ್ಕಾಕತ್ತಿದ್ದೆ. ಎದ್ದು ಅಡಗಿಮನಿ ಬಾಗಿಲಿಗೆ ಬಂದ್ರು. ಕೈಯಾಗ ಇದೇ ರಟ್ಟು. 'ಮಧು ಎಷ್ಟೊತ್ತಿಗೆ ಬರ್ತಾಳ' ಅಂದ್ರು. 'ಪುಸ್ತಕಾ ತರಾಕ ಆಬಿಡ್ಸಿಗೆ ಹೋಗ್ಯಾಳ, ಸಂಜಿಗಿ ಬರ್ತಾಳ' ಅಂದೆ. 'ಹಾಂ' ಅಂದ್ರು. 'ನೀರು ಕೊಡು' ಅಂದ್ರು. ನಾ ತಂಬಗಿ ತುಂಬಿ ತಿರುಗೂದ್ರಾಗ ಹೊಸ್ತಿಲದಾಗ ಕುಂತಬಿಟ್ಟಿದ್ರು..."

"ಅಯ್ಯೋ ಪಾಪಂ," ಎಂದಳು ಮೇಲಿನ ಮನೆಯ ಸ್ನೇಹಲತಾ, ತೆಲುಗಿನವಳು. "ಎಂತ ಮಂಚಿ ಮನಿಷಿ. ಗೊಂತು ಕೂಡ ವಿನಲೇದು ಎಪ್ಪುಡೂ." ಎಂಥ ಒಳ್ಳೆಯವನು, ಒಂದು ದಿನ ಅವನ ದನಿ ಕೇಳಲಿಲ್ಲ ಎಂದು.

ಮಧುರಾ ಕೇಳಿಸಿಕೊಂಡಳು. ಮಧು ಎಷ್ಟೊತ್ತಿಗೆ ಬರ್ತಾಳ. ಹೊತ್ತು ಗೊತ್ತು ಕೇಳುವ ಅಪ್ಪನಲ್ಲ ಅವನು. ಯಾಕೆ ಕೇಳಿದ? ಅವ್ವನ ಮುಖದಲ್ಲಿ ಬೇರೇನಾದರೂ ಇದೆಯೇ ಎಂದು ಹುಡುಕಿದಳು. ಅವ್ವ ಇನ್ನೂ ಏನೋ ಕೇಳಿಸಿಕೊಂಡಿರಬಹುದು, ಮಂದಿಯ ಮುಂದೆ ನುಂಗಿಕೊಳ್ಳುತ್ತಿರಬಹುದು. ಅವ್ವ ಒಮ್ಮೆ ತಲೆ ಎತ್ತಿ ಅವಳನ್ನೇ ನೋಡಿದಳು. ಮಧುರಾ ಗಕ್ಕನೆ ಕಣ್ಣು ತಗ್ಗಿಸಿದಳು.

ಗಂಡಸರ ಗುಂಪಿನಲ್ಲಿ ಸಾಬಣ್ಣ ಯಾವುದೋ ಕತೆ ತೆಗೆದಿದ್ದ.

"ಸಂಘದ ಸ್ಮರಣ ಸಂಚಿಕಿ ನೆನಪೈತೇನ್ರಿ? ಇವರ ಕೈಗೆ ಕೊಡದ ನಾವ ಶ್ಯಾಣೇರಾಗಿ ಸೀದಾ ಪ್ರೆಸ್ಸಿಗೆ ಒಯ್ದಿದ್ವಿ. ಅಲ್ಲಿ ಮಷೀನು ಬ್ಯಾರೆ, ನಾಕು ಪುಟ ಬರೇ ಚೌಕ ಚೌಕ ಬಂತು. ಅಧ್ಯಕ್ಷರು ವೇದಿಕೆ ಮ್ಯಾಲ ನಿಂತು, 'ಈ ನವೀನ ಕವಿತೆ ನನಗೆ ಭಾಳ ಹಿಡಿಸಿತು' ಅಂದ್ರು! ಶಾಂತಪ್ಪ ಹಿಂದಿನ ಸಾಲಿನಾಗ ಕುಂತು ಟಾವೆಲ್ ಬಾಯಿಗೆ ತುರುಕಿಕೊಂಡಿದ್ದ. ಅವ ನಕ್ಕದ್ದು ನಾ ನೋಡಿದ್ದು ಅದೊಂದ ಸಲ."

ಒಂದಿಬ್ಬರು ನಕ್ಕು, ಹೆಣದ ಕಡೆ ನೋಡಿ, ಕೆಮ್ಮಿದರು. ಅಷ್ಟರಲ್ಲಿ ಬಾಗಿಲಲ್ಲಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದ ವಿಜಯಕುಮಾರ ಕಾಣಿಸಿಕೊಂಡ. ಅಮೀರ್‌ಪೇಟ್‌ನಲ್ಲಿ ಕೋಚಿಂಗ್ ಸೆಂಟರುಗಳ ನಡುವೆ ಎರಡನೇ ಮಹಡಿಯಲ್ಲಿದ್ದ ಅಪ್ಪನ ಪುಟ್ಟ ಅಂಗಡಿಯ ಜೊತೆಗಾರ. ಹೆಣಕ್ಕೆ ಕೈ ಮುಗಿದ. ಪಾದಕ್ಕೆ ಹಣೆ ಹಚ್ಚಿದ. ಅತ್ತ. ಎದ್ದವನೇ ಕಣ್ಣೊರೆಸಿಕೊಳ್ಳುತ್ತ ಗೋಡೆಯತ್ತ ನೋಡಿ ಕೇಳಿದ:

"ಅಕ್ಕಾರ, ಇಲ್ಲಿದ್ದ ಕಂಪ್ಯೂಟರ್ ಎಲ್ಲಿ?"

ಹಣಮಂತರಾಯನ ಕಿವಿ ನೆಟ್ಟಗಾಯಿತು. "ಯಾಕ್ರಿ?"

"ಸ್ವಲ್ಪ ಕೆಲಸ ಇತ್ತು. ಐದು ಮಿನಿಟು."

"ಇವತ್ತಾ? ಮಣ್ಣಾಗೂಕಿಂತ ಮೊದಲಾ?"

"ಇವತ್ತ ಆಗಬೇಕ್ರಿ. ಶಾಂತಪ್ಪಣ್ಣಾರಿಗೆ ಮಾತು ಕೊಟ್ಟೀನಿ."

"ಹಂಗೇನು." ಹಣಮಂತರಾಯ ಅವನನ್ನು ಮೇಲಿಂದ ಕೆಳಗೆ ಅಳೆದ. "ಆಮ್ಯಾಲ ನೋಡೂಣಂತ, ಕೂಡ್ರಿ."

ಐದು ನಿಮಿಷದಲ್ಲಿ ಹಣಮಂತರಾಯ ಮಧುರಾಳನ್ನು ಒಳಕೋಣೆಗೆ ಕರೆದ. ಹೊಸ ಕಂಪ್ಯೂಟರಿನ ಸಿಪಿಯು ಡಬ್ಬವನ್ನು ಅಲ್ಲೇ ಮಂಚದ ಕೆಳಗೆ ತಳ್ಳಿದ್ದರು.

"ನೋಡಿದಿ ಇಲ್ಲೋ? ಹೆಣದ ಮುಂದ ನಿಂತು ಕಂಪ್ಯೂಟರ್ ಕೇಳ್ತಾನ. ನಿಮ್ಮಪ್ಪ ಇಷ್ಟು ವರ್ಷ ಕುಂತು ಮಾಡಿದ ಕೋಷ್ಟಕ ಇದರಾಗ ಐತಿ. ಯಾವ ಫಾಂಟಿನ ಯಾವ ಅಕ್ಷರ ಎಲ್ಲಿಗೆ ಹೋಗಬೇಕು ಅನ್ನೂದು. ಗಚ್ಚಿಬೌಲಿ ಕಂಪನಿಯವರು ಅದಕ್ಕ ಎರಡು ಸಲ ಬಂದು ಕೇಳ್ಯಾರ, ಗೊತ್ತೇನು? ಅದನ್ನ ಹೊಡ್ಕೊಂಡು ಹೋಗಾಕ ಬಂದಾನ. ನೀ ಇಲ್ಲೇ ಕೂಡು. ಇದರ ಮ್ಯಾಲ ಕಣ್ಣಿಡು."

ಹೇಳುವುದೇ ಬೇಡವಿತ್ತು. ಅವಳು ಆಗಲೇ ಮಂಚದ ಅಂಚಿಗೆ ಕೂತು ಹಿಮ್ಮಡಿಯಿಂದ ಡಬ್ಬವನ್ನು ಇನ್ನಷ್ಟು ಒಳಗೆ ತಳ್ಳಿದ್ದಳು. ವಿಜಯಕುಮಾರ ಏನು ಕದಿಯಲು ಬಂದಿದ್ದಾನೋ ಅವಳಿಗೆ ತಿಳಿಯದು. ಆದರೆ ಅವನು ಅದನ್ನು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಅಪ್ಪ ಕಡೆಗೆ ತೆರೆದಿಟ್ಟ ಫೈಲು. ಅಪ್ಪ ಅದನ್ನು ಅವನಿಗೆ ಹೇಳಿಯೇ ಇದ್ದಾನೋ ಏನೋ. 'ನನ್ನ ಮಗಳು ಹೀಗೆ ಬರೆದಿದ್ದಾಳೆ ನೋಡು' ಎಂದು. ಅದಕ್ಕೇ ಬಂದಿದ್ದಾನೋ ಏನೋ.

*

ಅವಳಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಬಾಲಾನಗರದ ಒಂದು ದೊಡ್ಡ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿದ್ದ. ಕೋಣೆ ತುಂಬುವಷ್ಟು ದೊಡ್ಡ ಯಂತ್ರದಲ್ಲಿದ್ದುದನ್ನು ಸಣ್ಣ ಯಂತ್ರಗಳಿಗೆ ಸಾಗಿಸುವ ಕೆಲಸ. ಅಲ್ಲಿ ಏನು ಮಾಡುತ್ತೀಯ ಎಂದು ಅವಳು ಒಂದು ದಿನ ಕೇಳಿದಾಗ ಕ್ಯಾಲೆಂಡರಿನ ಹಿಂಬದಿಗೆ ಎರಡು ಗೆರೆ ಎಳೆದು ತೋರಿಸಿದ್ದ.

"ಮಷೀನಿಗೆ ಅಕ್ಷರ ಗೊತ್ತಿಲ್ಲವ್ವಾ, ಬರೇ ಅಂಕಿ ಗೊತ್ತು. ದೊಡ್ಡ ಮಷೀನು ಇಂಗ್ಲಿಷಿನ ಎ ಅಕ್ಷರಕ್ಕ ನೂರಾ ತೊಂಬತ್ಮೂರು ಅಂತೈತಿ. ಸಣ್ಣದು ಅರವತ್ತೈದು ಅಂತೈತಿ. ಇದು ಹೇಳಿದ್ದು ಅದಕ್ಕ ತಿಳಿಯಂಗಿಲ್ಲ. ನಡುವ ಕುಂತು ನಾ ಹೇಳ್ತೀನಿ, ಲೇ ತಮ್ಮಾ, ಅವ ಅಂದಿದ್ದು ಇದು ಅಂತ."

"ನೀ ಇಲ್ಲಂದ್ರ?"

"ಇಲ್ಲಂದ್ರ ಇಬ್ಬರೂ ಒದರತಾರ, ಯಾರಿಗೂ ತಿಳಿಯಂಗಿಲ್ಲ."

ಅವನು ಅವಳೊಂದಿಗೆ ಅಷ್ಟು ಉದ್ದ ಮಾತಾಡಿದ್ದು ಅವಳ ನೆನಪಿನಲ್ಲಿ ಅದೊಂದೇ. ಮುಂದೆ ಸ್ವಂತ ಅಂಗಡಿ ಹಾಕಿದ. ಊರಿನಲ್ಲಿ ಸಾಫ್ಟ್‌ವೇರ್ ಎಂಬುದು ಎದ್ದು ನಿಂತು, ಹಳೆಯ ಫಾಂಟುಗಳೆಲ್ಲ ಎಲ್ಲ ಯಂತ್ರಕ್ಕೂ ಒಂದೇ ಆದ ಯೂನಿಕೋಡಿಗೆ ಬದಲಾಗಬೇಕಾದಾಗ ಕನ್ನಡ, ತೆಲುಗು ಫೈಲುಗಳನ್ನು ಹೊತ್ತು ವಕೀಲರು, ಮಠದವರು, ಪುಸ್ತಕದವರು ಅವನ ಮೆಟ್ಟಿಲು ಹತ್ತಿದರು. ಪ್ರೋಗ್ರಾಮು ಓಡಿಸಿದರೆ ನೂರಕ್ಕೆ ತೊಂಬತ್ತು ಸರಿಹೋಗುತ್ತಿತ್ತು. ಉಳಿದ ಹತ್ತರಲ್ಲಿ ಒತ್ತಕ್ಷರಗಳು ತಮ್ಮ ಅಕ್ಷರ ಬಿಟ್ಟು ಪಕ್ಕದ್ದಕ್ಕೆ ಜೋತುಬೀಳುತ್ತಿದ್ದವು. ಅವನ್ನು ಒಂದೊಂದಾಗಿ ಕೈಯಿಂದ ತಿದ್ದಬೇಕು. ಆಗಲೇ ಸೀರೆ ಡಬ್ಬಿಯ ರಟ್ಟಿನ ಮುಚ್ಚಳ ಕತ್ತರಿಸಿ, ನಡುವೆ ಬೆರಳಗಲದ ಸೀಳು ಮಾಡಿ, ಪರದೆಯ ಇಲಾಸ್ಟಿಕ್ಕಿಗೆ ಸಿಕ್ಕಿಸತೊಡಗಿದ್ದು. ಅದೇನೆಂದು ಅವಳು ಕೇಳಿದ್ದಕ್ಕೆ "ಕಣ್ಣಿಗೆ ಬೆಳಕು ಹೊಡೀತೈತಿ" ಎಂದಿದ್ದ.

*

"ಮಧವ್ವಾ."

ವಿಜಯಕುಮಾರ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ದೊಡ್ಡಪ್ಪ ಹೊರಗೆ ವ್ಯಾನಿನವನ ಜೊತೆ ಜಗಳದಲ್ಲಿದ್ದ. ಮಧುರಾಳ ಕಾಲು ತಂತಾನೇ ಡಬ್ಬಕ್ಕೆ ಅಡ್ಡ ಬಂತು.

"ಇಲ್ಲೇ ಐತೇನು? ಛಲೋ ಆತು. ಒಂದ್ ಫೈಲ್ ಅಳಿಸಬೇಕವ್ವಾ."

"ಯಾರ ಫೈಲ್ ಕಾಕಾ?" ಎಂದಳು.

"ಒಂದು ಮನಿತನದವರ ಖಾಸಗಿ ಪತ್ರ. ಅಣ್ಣಾರು ಮನಿಗೆ ತಂದು ಮುಗಿಸಿದ್ದರು. ಗಿರಾಕಿಗೆ ಕೊಡೋ ದಿನ ಇವತ್ತು. ಕೊಟ್ಟ ದಿನಾನ ನಮ್ಮ ಹತ್ರ ಇದ್ದದ್ದು ಅಳಿಸಬೇಕು. ಒಬ್ಬಾಂವ ಅಳಿಸೋದು, ಇನ್ನೊಬ್ಬಾಂವ ನಿಂತು ನೋಡೋದು. ಅಂಗಡಿ ಹಾಕಿದಾಗಿಂದ ಒಂದು ದಿನ ತಪ್ಪಿಸಿಲ್ಲ. 'ನಾ ಸತ್ತರೂ ತಪ್ಪಬಾರದು' ಅಂತಿದ್ರು, ಚ್ಯಾಷ್ಟಿಗೆ." ಅವನು ಮತ್ತೆ ಕಣ್ಣೊರೆಸಿಕೊಂಡ. "ನಿಮ್ಮ ದೊಡ್ಡಪ್ಪ ನನ್ನ ಕಳ್ಳನ್ನ ನೋಡಿದಂಗ ನೋಡಾಕತ್ತಾರ. ಕೋಷ್ಟಕ ನಂಗ ಯಾಕ ಬೇಕವ್ವಾ, ಅಂಗಡಿ ಮಷೀನಿನಾಗೂ ಅದ ಐತಿ."

ಮಧುರಾ ಕಾಲು ತೆಗೆಯಲಿಲ್ಲ. ಆ ಪತ್ರಗಳು ನಿಜವೇ, ಅಥವಾ ಇವನು ಈಗ ಕಟ್ಟಿದ ಕತೆಯೇ? ಆದರೆ ಬೇರೆ ಪ್ರಶ್ನೆ ಬಾಯಿಗೆ ಬಂದುಬಿಟ್ಟಿತ್ತು.

"ಕಾಕಾ, ಅಪ್ಪ... ಅವೆಲ್ಲಾ ಓದ್ತಿದ್ರಾ? ಫೈಲಿನಾಗ ಇರೋದು?"

"ಅಣ್ಣಾರಾ? ಓದೂದಾ?" ವಿಜಯಕುಮಾರ ಅಳುವಿನ ನಡುವೆಯೇ ನಕ್ಕ. "ಬಾಜೂಕ ಕುಂತೀನಿ ಇಷ್ಟು ವರ್ಷ. ಒಂದ್ ಫೈಲ್ ಓದಿದ್ದು ನೋಡಿಲ್ಲ. ಅಲ್ಲಿ ನೋಡು, ಅಕ್ಕಾರ ಕೈಯಾಗ. ಆ ರಟ್ಟು ಯಾತಕ್ಕಂತ ಮಾಡಿದಿ?"

"ಕಣ್ಣಿಗೆ ಬೆಳಕು..."

"ಎಲ್ಲಿ ಬೆಳಕು! ಶುರುವಿಗೆ ಒಬ್ಬ ವಕೀಲರ ಕಾಗದ ಬಂದಿತ್ತು. ಅಣ್ಣಾರಿಗೆ ಪರಿಚಯದವರ ಮನಿ ಸುದ್ದಿ ಅದರಾಗ. ಓದಿಬಿಟ್ರು. ಆಮ್ಯಾಲ ಆ ಮನಷಾ ರಸ್ತೇದಾಗ ಎದುರಾದ್ರ ಇವರು ತಲಿ ತಗ್ಗಿಸಿ ಗಲ್ಲಿ ಹಿಡೀತಿದ್ರು, ತಪ್ಪು ಇವರದ ಅನ್ನೂವಂಗ. ಅವತ್ತ ಈ ರಟ್ಟು ಕತ್ತರಿಸಿದ್ದು. ಸೀಳಿನಾಗ ಒಂದ ಸಾಲು ಕಾಣ್ತೈತಿ. ಅದೂ ಕೆಳಗಿಂದ ಮ್ಯಾಲಕ. ಕಡೀ ಸಾಲು ಮೊದಲು, ಮೊದಲಿನ ಸಾಲು ಕಡೀಕ. ಹಂಗ ನೋಡಿದ್ರ ಅಕ್ಷರ ನೆಟ್ಟಗ ಅದಾವೋ ಇಲ್ಲೋ ಅಷ್ಟ ತಿಳೀತೈತಿ, ಸುದ್ದಿ ತಿಳಿಯಂಗಿಲ್ಲ."

ಮಧುರಾ ಬಾಗಿಲಾಚೆ ಅವ್ವನ ಕೈಯನ್ನು ನೋಡಿದಳು. ರಟ್ಟು ಮೆಲ್ಲಗೆ ಆಡುತ್ತಿತ್ತು. ಸೀಳಿನೊಳಗಿಂದ ಅಪ್ಪನ ಕೊರಳ ಹಾರ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ.

"ಒಂದ ಲೆಕ್ಕ ಇಡ್ತಿದ್ರು ಅಣ್ಣಾರು," ವಿಜಯಕುಮಾರ ಹೇಳುತ್ತಲೇ ಇದ್ದ. "ಸಾಲಿನ ಲೆಕ್ಕ. ಎಷ್ಟು ಸಾಲು ಬಂದಾವ, ಅಷ್ಟ ಹೋಗಬೇಕು. ಮಂದಿ ಬರದಿದ್ದಕ್ಕ ನಮ್ಮದೊಂದು ಚುಕ್ಕಿ ಸೇರಬಾರದು ಅಂತ. ಒಂದ ಸಾಲು ಹೆಚ್ಚಾತಂದ್ರ ಊಟ ಬಿಟ್ಟು ಹುಡುಕೋರು."

ಮಧುರಾ ಡಬ್ಬಕ್ಕೆ ಅಡ್ಡವಿಟ್ಟ ಕಾಲನ್ನು ಹಿಂದೆಗೆದಳು. ಅಪ್ಪ ಓದಿಲ್ಲ. ಅಕ್ಷರ ನೋಡಿದ್ದಾನೆ, ಅಷ್ಟೇ.

"ಮಣ್ಣು ಮುಗಿಸಿ ಬರ್ರಿ ಕಾಕಾ," ಎಂದಳು. "ನಾ ನಿಂತು ನೋಡ್ತೀನಿ."

*

ರುದ್ರಭೂಮಿಯಲ್ಲಿ ಕುಣಿ ತೋಡಿ ಆಗಿತ್ತು. ಕೂತ ಭಂಗಿಯಲ್ಲೇ ಇಳಿಸಿದರು. ಸುತ್ತ ವಿಭೂತಿ ಗಟ್ಟಿ ಪೇರಿಸಿ, ಬಿಲ್ವಪತ್ರೆ ಸುರಿದರು. ಅಯ್ಯನವರ ಮಂತ್ರದ ನಡುವೆ ಹಿಂದಿನ ರಸ್ತೆಯಲ್ಲಿ ಕಂಪನಿಯ ಕ್ಯಾಬುಗಳು ಒಂದರ ಹಿಂದೊಂದು ಹಾರ್ನು ಹೊಡೆಯುತ್ತಿದ್ದವು. ಮಧುರಾ ಮೂರು ಹಿಡಿ ಮಣ್ಣು ಹಾಕಿದಳು. ಮೂರನೆಯ ಹಿಡಿ ಹಾಕುವಾಗ ಮೊದಲ ಸಲ ಅಳು ಬಂತು. ಅನುಮಾನ ತುಂಬಿದ್ದ ಕಡೆ ಅಳುವಿಗೆ ಅಲ್ಲಿಯವರೆಗೆ ಜಾಗವೇ ಇರಲಿಲ್ಲ.

ಮರಳುವಾಗ ವ್ಯಾನಿನಲ್ಲಿ ಅವ್ವ ಸ್ನೇಹಲತಾಳ ಹೆಗಲಿಗೆ ಒರಗಿ ಮತ್ತೆ ಆ ಕತೆ ಶುರುಮಾಡಿದಳು. ಸ್ನೇಹಲತಾಳಿಗೆ ಕನ್ನಡ ಅರ್ಧಂಬರ್ಧ. ಆದರೂ ಹೂಂಗುಟ್ಟುತ್ತಿದ್ದಳು.

"...ಅಡಗಿಮನಿ ಬಾಗಿಲಿಗೆ ಬಂದ್ರು. ಕೈಯಾಗ ರಟ್ಟು. ಅದನ್ಯಾಕ ತಂದಿದ್ರೋ ಏನೋ. ಎಂದೂ ತರಾವ್ರಲ್ಲ..."

ಸೀಟಿಗೆ ಒರಗಿದ್ದ ಮಧುರಾ ನೆಟ್ಟಗೆ ಕೂತಳು.

ಬೆಳಿಗ್ಗೆ ಪರದೆಯ ಮೇಲೆ ಎರಡು ಇಲಾಸ್ಟಿಕ್ ಪಟ್ಟಿಗಳು ಬರಿದಾಗಿದ್ದವು. ಅವುಗಳ ನಡುವೆ ಇಡೀ ಪುಟ ಕಾಣುತ್ತಿತ್ತು. ರಟ್ಟನ್ನು ಅವನೇ ಕಿತ್ತಿದ್ದಾನೆ. ನೀರು ಕುಡಿಯಲು ಹೋಗುವವನು ರಟ್ಟು ಯಾಕೆ ಕೀಳಬೇಕು?

*

ಸೂರ್ಯ ಇನ್ನೂ ಮುಳುಗಿರಲಿಲ್ಲ. ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಮಧುರಾ ಒಳಕೋಣೆಯಲ್ಲಿ ವೈರುಗಳನ್ನು ಜೋಡಿಸಿದಳು. ಹಣಮಂತರಾಯ ಬಾಗಿಲಿಗೆ ಒರಗಿ ಕಾವಲು ನಿಂತ. ವಿಜಯಕುಮಾರ ಹೇಳಿದ ಫೈಲು ನಿಜಕ್ಕೂ ಇತ್ತು. ತೆರೆಯದೆಯೇ ಅಳಿಸಿದ. ರೀಸೈಕಲ್ ಬುಟ್ಟಿಯಿಂದಲೂ ತೆಗೆದ. ಮಧುರಾ ನೋಡಿದಳು. ಅಷ್ಟೇ. ಕೋಷ್ಟಕದ ತಂಟೆಗೇ ಹೋಗಲಿಲ್ಲ.

"ಇಷ್ಟಕ್ಕ ಇಷ್ಟು ಗದ್ದಲ ಮಾಡಿದಿರೇನು?" ಎಂದ ಹಣಮಂತರಾಯ, ಸ್ವಲ್ಪ ನಿರಾಸೆಯಿಂದ.

"ಇಷ್ಟಕ್ಕರೀ."

ಹೋಗುವ ಮುನ್ನ ವಿಜಯಕುಮಾರ ಮೇಜಿನ ಖಾನೆಯಿಂದ ಉದ್ದನೆಯ ನೋಟುಬುಕ್ಕು ತೆಗೆದ. ಅಪ್ಪನ ಗುಂಡನೆಯ ಅಕ್ಷರ. ಎರಡು ಕಾಲಮ್ಮು: ಬಂದದ್ದು, ಹೋದದ್ದು. ಪುಟ ಪುಟಕ್ಕೂ ಎರಡೂ ಕಡೆ ಅದೇ ಸಂಖ್ಯೆ. ಕಡೆಯ ಸಾಲಿನ ಮೇಲೆ ಬೆರಳಿಟ್ಟ.

"ಇದೊಂದು ಬಾಕಿ ಉಳದೈತಿ. ನಿನ್ನ ಹೆಸರ ಐತಿ. 'ಕೂಸಿನ ಕೆಮಿಸ್ಟ್ರಿ ನೋಟ್ಸ್ ಹಳೇ ಡಬ್ಬದಾಗ ಕೆಟ್ಟು ಹೋಗಬಾರದು, ಮುಂದ ಎಂ.ಎಸ್‌ಸಿ. ಅಂತ ಹೋದ್ರ ಬೇಕಾಗ್ತಾವ' ಅಂತಿದ್ರು. ಎಣಿಸಿ ತುಂಬಿಬಿಡವ್ವಾ. ಖಾಲಿ ಬಿಡಬಾರದು."

ಅವನು ಹೋದ. ದೊಡ್ಡಪ್ಪ ಚಹಾಕ್ಕೆ ಹೊರಗೆ ನಡೆದ. ಮಧುರಾ ಬಾಗಿಲು ಮುಂದೆ ಮಾಡಿದಳು.

ಕೆಮಿಸ್ಟ್ರಿ ನೋಟ್ಸ್ 2, ಮಧು. ಬಂದದ್ದು: 2316. ಹೋದದ್ದರ ಮುಂದೆ ಏನೂ ಇಲ್ಲ.

ಅವಳು ಅಪ್ಪನ ಸಾಲು ಎಣಿಸುವ ಪ್ರೋಗ್ರಾಮು ಓಡಿಸಿದಳು. ಉತ್ತರ ಬಂತು: 2317.

ಮತ್ತೊಮ್ಮೆ ಓಡಿಸಿದಳು. 2317.

ಫೈಲು ತೆರೆದಳು. ಕರೆಂಟು ಹೋಗುವ ಕಾಲದಲ್ಲಿ ಕೆಲಸ ಕಲಿತ ಮನುಷ್ಯ, ತಿದ್ದಿದ ಪ್ರತಿ ಸಾಲಿಗೂ ಉಳಿಸುವ ಕೀಲಿ ಒತ್ತುತ್ತಿದ್ದ. ಪ್ಲಗ್ಗು ಕಿತ್ತರೂ ಏನೂ ಹೋಗಿರಲಿಲ್ಲ. ತಳಕ್ಕೆ ಹೋಗಿ ಅಲ್ಲಿಂದ ಮೇಲೇರತೊಡಗಿದಳು, ಅವನು ಏರಿದಂತೆಯೇ. 2006 ನೆಟ್ಟಗಿತ್ತು. 2005 ನೆಟ್ಟಗಿತ್ತು. ಒಂದೊಂದು ಒತ್ತಕ್ಷರವೂ ತನ್ನ ಜಾಗದಲ್ಲಿ ಕೂತಿತ್ತು. 2004ರ ಡಿಸೆಂಬರು, ನವೆಂಬರು, ಆಗಸ್ಟು. ಜೂನ್ ಇಪ್ಪತ್ತು.

ಅಲ್ಲಿ ಒಂದು ಖಾಲಿ ಸಾಲು. ಅವಳು ಎಂದೂ ಬಿಡದಂಥದ್ದು.

ಅದರ ಮೇಲೆ: ಇಂಥ ಅಪ್ಪ ಇದ್ದರೇನು, ಇಲ್ಲದಿದ್ದರೇನು.

ಆ ಸಾಲನ್ನೂ ಅವನು ತಿದ್ದಿದ್ದ. ಒತ್ತುಗಳೆಲ್ಲ ಸರಿಯಾಗಿದ್ದವು. ಅದಕ್ಕಿಂತ ಮೇಲಿನ ಎರಡು ಸಾಲುಗಳಿಂದ ಹಿಡಿದು ಫೈಲಿನ ಆರಂಭದವರೆಗೆ ಏನನ್ನೂ ಮುಟ್ಟಿರಲಿಲ್ಲ. 'ಅಕ್ಷರ' ಎಂಬಲ್ಲಿ ಒತ್ತು ಜಾರಿ ಪಕ್ಕಕ್ಕೆ ಬಿದ್ದಿತ್ತು. 'ತಿದ್ದಲು' ಮುರಿದು ಎರಡಾಗಿತ್ತು. ಹಾಗಿದ್ದರೂ ಓದಲು ಬರುತ್ತಿತ್ತು. ಇಂಥದ್ದನ್ನೇ ಜೀವಮಾನವಿಡೀ ನೋಡಿದ ಕಣ್ಣಿಗೆ ಚೆನ್ನಾಗಿಯೇ ಬರುತ್ತಿತ್ತು.

ಹೊರಗೆ ಅವ್ವ ಯಾರಿಗೋ ಹೇಳುತ್ತಿದ್ದಳು: "'ಮಧು ಎಷ್ಟೊತ್ತಿಗೆ ಬರ್ತಾಳ' ಅಂದ್ರು..."

ಮಧುರಾ ಖಾಲಿ ಸಾಲಿನ ಉದ್ದಕ್ಕೂ ಬಾಣದ ಕೀಲಿ ಒತ್ತಿ ನೋಡಿದಳು. ಬರೆದು ಅಳಿಸಿದ ಗುರುತಿಲ್ಲ, ಒಂದು ಚುಕ್ಕೆಯಿಲ್ಲ. ಏನೋ ಬರೆಯಲೆಂದು ಸಾಲು ಬಿಡಿಸಿಕೊಂಡು ಅಪ್ಪ ಅಷ್ಟಕ್ಕೇ ಕೂತಿದ್ದ. ಹೆಚ್ಚಾದ ಸಾಲನ್ನು ತೆಗೆದರೆ ಲೆಕ್ಕ ಸರಿಹೋಗುತ್ತಿತ್ತು. ಅಳಿಸುವ ಕೀಲಿಯ ಮೇಲೆ ಒಂದು ಗಳಿಗೆ ಬೆರಳಿಟ್ಟಳು, ತೆಗೆದಳು. ನೋಟುಬುಕ್ಕು ಎಳೆದುಕೊಂಡು 'ಹೋದದ್ದು' ಎಂಬುದರ ಕೆಳಗೆ ಪೆನ್ನಿನಿಂದ 2317 ಎಂದು ಬರೆದಳು.

ಎದ್ದು ಹೊರಗೆ ಹೋಗಿ ಅವ್ವನ ಮಡಿಲಿನಿಂದ ರಟ್ಟನ್ನು ಮೆಲ್ಲಗೆ ಎತ್ತಿಕೊಂಡು ಬಂದಳು. ವಿಭೂತಿ ಮೆತ್ತಿತ್ತು. ಇಲಾಸ್ಟಿಕ್ ಪಟ್ಟಿಗಳನ್ನು ಹಿಗ್ಗಿಸಿ, ಅಂಚು ಸೇರಿಸಿ, ರಟ್ಟನ್ನು ಪರದೆಗೆ ಸಿಕ್ಕಿಸಿದಳು. ಮೇಲಿನ ಮೂರು ಸಾಲು ಮುಚ್ಚಿದವು. ಕೆಳಗಿನದೆಲ್ಲ ಮುಚ್ಚಿತು. ಸೀಳಿನಲ್ಲಿ ಬೆರಳಗಲ ಬಿಳುಪು ಉಳಿಯಿತು. ಅದರ ಎಡತುದಿಯಲ್ಲಿ ಸಣ್ಣ ಕಪ್ಪು ಗೆರೆಯೊಂದು ಮೂಡುತ್ತಿತ್ತು, ಮರೆಯಾಗುತ್ತಿತ್ತು, ಮೂಡುತ್ತಿತ್ತು.